ಬೂಟಿನ ಕೆಳಗಿನ ಗೂಡು

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಔ ಸೇಬಲ್ ನದಿಯ ದಡದಲ್ಲಿ ಗ್ರೇಲಿಂಗ್ ಅಂತ ಒಂದು ಊರಿದೆ. ಹೆಸರು ಬಂದಿದ್ದು ಆ ನದಿಯಲ್ಲಿದ್ದ ಮೀನಿನಿಂದ. ಊರು ಉಳೀತು, ಮೀನು 1930ರ ದಶಕದಲ್ಲಿ ಇಡೀ ರಾಜ್ಯದಿಂದಲೇ ಮಾಯವಾಯಿತು. (ಈಗ ಮತ್ತೆ ತರುವ ಪ್ರಯತ್ನ ನಡೀತಿದೆ.)

ರೈಲು ಬಂದ ಮೇಲೆ ಜನ ಮಿತಿಯಿಲ್ಲದೆ ಹಿಡಿದರು, ಅದು ನಿಜ. ಆದರೆ ಪೆಟ್ಟು ಬಿದ್ದಿದ್ದು ಮೊಟ್ಟೆಗೂ ಹೌದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿನ ಪೈನ್ ಕಾಡು ಕಡಿದು, ದಿಮ್ಮಿಗಳನ್ನು ವಸಂತದ ನೆರೆಯಲ್ಲಿ ತೇಲಿ ಬಿಡ್ತಿದ್ದರು. ಗ್ರೇಲಿಂಗ್ ಮೊಟ್ಟೆಯಿಡೋದೂ ವಸಂತದಲ್ಲೇ. ದಿಮ್ಮಿಗಳು ತಳದ ಜಲ್ಲಿಯನ್ನು ಕೆರೆದವು. ಬೋಳಾದ ದಡದಿಂದ ಜಾರಿದ ಮರಳು ಉಳಿದದ್ದನ್ನು ಮುಚ್ಚಿತು.

ಅದೇ ಕಾಲಕ್ಕೆ ಟ್ರೌಟ್ ಬಂತು. ಜರ್ಮನಿಯಿಂದ ತರಿಸಿದ ಮೊಟ್ಟೆಗಳಿಂದಾದ ಬ್ರೌನ್ ಟ್ರೌಟ್ ಮರಿಗಳನ್ನು 1884ರಲ್ಲಿ ಮಿಶಿಗನ್‌ನ ಪೇರ್ ಮಾರ್ಕೆಟ್ ನದಿಗೆ ಬಿಟ್ಟರು. 1959ರಲ್ಲಿ ಇದೇ ಔ ಸೇಬಲ್ ದಡದಲ್ಲಿ ಗಾಳ ಹಾಕುವವರೇ ಸೇರಿ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ ಕಟ್ಟಿದರು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡೋದು ಕ್ರಮೇಣ ಫ್ಲೈ ಫಿಶಿಂಗ್‌ನ ಮರ್ಯಾದೆಯಾಯಿತು.

ಆದರೆ ಬಿಡೋಕೆ ಅಂತ ನದಿಗಿಳಿದವನ ಕಾಲ ಕೆಳಗೆ ಏನಿರುತ್ತೆ?

ಅಕ್ಟೋಬರ್–ನವೆಂಬರಿನಲ್ಲಿ ಹೆಣ್ಣು ಬ್ರೌನ್ ಟ್ರೌಟ್ ಬಾಲದಿಂದ ಜಲ್ಲಿ ಕೆದಕಿ ಗುಂಡಿ ಮಾಡಿ, ಮೊಟ್ಟೆಯಿಟ್ಟು, ಮೇಲ್ಭಾಗದ ಜಲ್ಲಿ ಎಬ್ಬಿಸಿ ಮುಚ್ಚುತ್ತೆ. ಈ ಗೂಡಿಗೆ ಇಂಗ್ಲಿಷಿನಲ್ಲಿ ರೆಡ್ ಅಂತಾರೆ. ಬಣ್ಣದ ರೆಡ್ ಅಲ್ಲ, ನೋಡೋಕೆ ಇದು ಬೆಳ್ಳಗಿರುತ್ತೆ. ಪಾಚಿ ಹಿಡಿದ ತಳದ ನಡುವೆ ಅಷ್ಟು ಜಾಗ ಮಾತ್ರ ತೊಳೆದಿಟ್ಟ ಹಾಗೆ. ಮೋಸ ಇರೋದು ಇಲ್ಲೇ: ಗುಂಡಿ ಕಂಡು ಜನ ಪಕ್ಕಕ್ಕೆ ಸರೀತಾರೆ, ಆದರೆ ಮೊಟ್ಟೆಗಳಿರೋದು ಗುಂಡಿಯ ಕೆಳಪಾತ್ರದ ಕಡೆ ಇರುವ ದಿಬ್ಬದಲ್ಲಿ. ಚಳಿಗಾಲ ಕಳೆಯುವಷ್ಟರಲ್ಲಿ ಪಾಚಿ ಬೆಳೆದು ಗುರುತೂ ಅಳಿಸುತ್ತೆ. ಮೊಟ್ಟೆಯೊಡೆದ ಮರಿಗಳು ಇನ್ನೂ ಕೆಲವು ವಾರ ಹೊಟ್ಟೆಯ ಹಳದಿ ಚೀಲವನ್ನೇ ನಂಬಿ ಜಲ್ಲಿಯೊಳಗೇ ಇರ್ತವೆ.

ಮೊಂಟಾನಾದಲ್ಲಿ ರಾಬರ್ಟ್ಸ್ ಮತ್ತು ವೈಟ್ ಕೃತಕ ಗೂಡುಗಳ ಮೇಲೆ ಇದನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದರು. ಮೊಟ್ಟೆಯಿಂದ ಮರಿ ಹೊರಬರುವ ತನಕ ದಿನಕ್ಕೆ ಎರಡು ಸಲ ತುಳಿದರೆ 96 ಪ್ರತಿಶತದವರೆಗೂ ಸತ್ತವು. ಮೊಟ್ಟೆಯೊಡೆಯುವ ಮುಂಚೆ ಬರೀ ಒಂದು ಸಲ ತುಳಿದಿದ್ದಕ್ಕೆ 43ರವರೆಗೆ. ನಂಬರ್ ನೋಡೋದೇ ನನ್ನ ಕೆಲಸ. ನನ್ನನ್ನು ಹೆಚ್ಚು ಕಾಡಿದ್ದು ಎರಡನೆಯದು. ದಿನಾ ಎರಡು ಸಲ ಒಂದೇ ಕಡೆ ಯಾರೂ ತುಳಿಯಲ್ಲ. ಒಂದು ಸಲ ಎಲ್ಲರೂ ತುಳೀತೀವಿ.

ಅಕ್ಟೋಬರಿನ ಒಂದು ಬೆಳಿಗ್ಗೆ ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ. ದಡದಿಂದ ವಯಸ್ಸಾದವರೊಬ್ಬರು ಕೂಗದೆ ಕೈ ಮಾಡಿ ನಿಲ್ಲಿಸಿದರು. ನನ್ನ ಮುಂದೆ ಎರಡೇ ಹೆಜ್ಜೆಗೆ ಬೆಳ್ಳಗಿನ ಜಲ್ಲಿ, ಅದರ ಮೇಲೆ ಹೆಣ್ಣು ಮೀನು. ಗಾಳ ಹಾಕಿದ್ದರೆ ಸುಲಭವಾಗಿ ಸಿಗ್ತಿತ್ತು. ದಾರ ಸುತ್ತಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ ದಡ ಹತ್ತಿದೆ. ಆ ಸೀಸನ್ನಿನಲ್ಲಿ ಮತ್ತೆ ನೀರಿಗಿಳಿಯಲಿಲ್ಲ.