ನಾರುಹುಣ್ಣು ಮತ್ತು ಉಲ್ಲೇಖದ ಲೆಕ್ಕ: ವಿ. ಎನ್. ಮೂರ್ತಿಯವರ ಸಂಶೋಧನ ಬರಹಗಳು

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ ಭಾಗದ ಎರೆನೆಲದಲ್ಲಿ ಬಾವಿಯ ನೀರು ಬಹುಮಟ್ಟಿಗೆ ಸವುಳು. ಬೆಣ್ಣೆಹಳ್ಳದ ನೀರೂ ಉಪ್ಪು. ಆದ್ದರಿಂದ ಮಳೆಯ ನೀರು ನಿಲ್ಲುವ ಕೆರೆಯೇ ಇಲ್ಲಿಯ ಹಳ್ಳಿಗಳಿಗೆ ಕುಡಿಯುವ ನೀರಿನ ಆಧಾರವಾಗಿ ಬಂದಿದೆ. ಸಿಹಿನೀರು ಸಿಕ್ಕ ಕಡೆ ಪಾವಟಿಗೆಗಳ ಬಾವಿಗಳು ಎದ್ದವು. 1997ರವರೆಗೆ ಇದೇ ಜಿಲ್ಲೆಗೆ ಸೇರಿದ್ದ ಲಕ್ಕುಂಡಿಯ ಮುಸುಕಿನ ಬಾವಿಯನ್ನು ಕಲಾ ಇತಿಹಾಸಕಾರರು ಮನಸಾರೆ ಹೊಗಳಿದ್ದಾರೆ. ಆದರೆ ಸಾರ್ವಜನಿಕ ಆರೋಗ್ಯದ ಸಾಹಿತ್ಯದಲ್ಲಿ ಮೆಟ್ಟಿಲು ಬಾವಿಗೆ ದೊರೆತಿರುವುದು ಅಪರಾಧಿಯ ಸ್ಥಾನ. ಅದಕ್ಕೆ ಕಾರಣ ನಾರುಹುಣ್ಣು.

ರೋಗದ ಕನ್ನಡ ಹೆಸರು ಅದರ ಲಕ್ಷಣವನ್ನೇ ಹೇಳುತ್ತದೆ. ಕಾಲಿನಲ್ಲಿ ಬೊಕ್ಕೆ ಎದ್ದು ಒಡೆದು ಹುಣ್ಣಾಗಿ, ಅದರೊಳಗಿಂದ ನಾರಿನಂಥ ಹುಳು ಹೊರಬರುತ್ತದೆ. ಉರಿ ತಾಳಲಾರದೆ ರೋಗಿಯು ಕಾಲನ್ನು ನೀರಿಗಿಟ್ಟರೆ ಹುಳು ಸಾವಿರಾರು ಮರಿಗಳನ್ನು ಬಿಡುತ್ತದೆ. ಅವು ಸೈಕ್ಲಾಪ್ಸ್ ಎಂಬ ನೀರಿನ ಸಣ್ಣ ಜೀವಿಯ ಹೊಟ್ಟೆ ಸೇರಿ ಬೆಳೆಯುತ್ತವೆ. ಆ ನೀರನ್ನು ಕುಡಿದವರಲ್ಲಿ ಸುಮಾರು ಒಂದು ವರ್ಷದ ಮೇಲೆ ಹುಣ್ಣು ಕಾಣಿಸಿಕೊಳ್ಳುತ್ತದೆ. ಸೇದುಬಾವಿಯಲ್ಲಿ ಈ ಚಕ್ರ ಸಾಗದು. ಇಳಿದು ನೀರು ತುಂಬುವ ಬಾವಿಯಲ್ಲಿ ಸಲೀಸಾಗಿ ಸಾಗುತ್ತದೆ.

ಸೈಕ್ಲಾಪ್ಸ್‌ನ ಪಾತ್ರವನ್ನು ರಷ್ಯಾದ ಫೆಡ್‌ಚೆಂಕೊ 1870ರ ಸುಮಾರಿಗೇ ಗುರುತಿಸಿದ್ದನು. ಕನ್ನಡ ನಾಡಿನ ಹಳ್ಳಿಗಳಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡವರಲ್ಲಿ ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆಯ ವಿ. ಎನ್. ಮೂರ್ತಿ ಪ್ರಮುಖರು. ನವಲಗುಂದವು ಆಗ ಮುಂಬಯಿ ಪ್ರಾಂತದಲ್ಲಿತ್ತು. ಮೂರ್ತಿಯವರ ಕ್ಷೇತ್ರವಾದ ಚಿತ್ರದುರ್ಗ ಸೀಮೆ ಸಂಸ್ಥಾನದ ಆಡಳಿತದಲ್ಲಿತ್ತು. ಮೈಸೂರು ಸಂಸ್ಥಾನದ ಗ್ರಾಮಗಳಲ್ಲಿಯ ಈ ರೋಗವನ್ನು ಕುರಿತ ಅವರ ವರದಿ 1932ರಲ್ಲಿ ಕಲಕತ್ತೆಯ 'ಇಂಡಿಯನ್ ಮೆಡಿಕಲ್ ಗೆಜೆಟ್'ನಲ್ಲಿ ಪ್ರಕಟವಾಯಿತು. 1936ರಲ್ಲಿ ಅದೇ ಪತ್ರಿಕೆಯಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಅವರೊಡನೆ ಬರೆದ ಲೇಖನಗಳು ಬಂದವು: ಬಾವಿಯ ನೀರಿನಲ್ಲಿ ಸಹಜವಾಗಿಯೇ ಸೋಂಕು ತಗುಲಿದ ಸೈಕ್ಲಾಪ್ಸ್ ಕುರಿತು, ಅವನ್ನು ತಿನ್ನುವ ಮೀನುಗಳನ್ನು ಬಾವಿಗೆ ಬಿಡುವ ಉಪಾಯ ಕುರಿತು, ನಾಯಿಗಳಿಗೆ ಪ್ರಯೋಗಪೂರ್ವಕವಾಗಿ ಸೋಂಕು ತಗುಲಿಸಿದುದನ್ನು ಕುರಿತು. 1937ರಲ್ಲಿ ಅಮೆರಿಕದ 'ಜರ್ನಲ್ ಆಫ್ ಪ್ಯಾರಸೈಟಾಲಜಿ'ಯಲ್ಲಿ ಅವರು ನಾರುಹುಳುವಿನ ದೇಹರಚನೆಯನ್ನು ಹೊಸದಾಗಿ ವಿವರಿಸಿದರು. ಮೀನಿನಲ್ಲಿ ದೊರೆತ ಇನ್ನೊಂದು ಹುಳುವಿಗೆ ಸಹೋದ್ಯೋಗಿಯ ಹೆಸರಿನಿಂದ 'ಕಮಲ್ಲಾನಸ್ ಸ್ವೀಟಿ' ಎಂದು ನಾಮಕರಣ ಮಾಡಿದರು. ಅದರ ಮರಿಯೂ ಸೈಕ್ಲಾಪ್ಸ್‌ನಲ್ಲೇ ಬೆಳೆಯುವುದರಿಂದ ಎರಡನ್ನೂ ಬೇರ್ಪಡಿಸಿ ತಿಳಿಯುವುದು ಅಗತ್ಯವಾಗಿತ್ತು. 1938ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಹೈಜೀನ್'ನಲ್ಲಿ ಮರಿಹುಳುವಿನ ಬೆಳವಣಿಗೆಯ ಅಧ್ಯಯನ ಬಂತು.

ಇವು ಬೀರಿದ ಪ್ರಭಾವವನ್ನು ಅಳೆಯುವುದು ಹೇಗೆ? ಯಾರು ಯಾರನ್ನು ಉಲ್ಲೇಖಿಸಿದರೆಂದು ಎಣಿಸುವ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಆರಂಭವಾದುದು 1960ರ ದಶಕದಲ್ಲಿ, ಮೂರ್ತಿಯವರ ಬರಹಗಳು ಪ್ರಕಟವಾಗಿ ಕಾಲು ಶತಮಾನ ಕಳೆದ ಮೇಲೆ. ಊರು, ತಂದೆಯ ಹೆಸರುಗಳನ್ನು ಇನಿಷಿಯಲ್‌ಗಳಲ್ಲಿ ಅಡಗಿಸುವ ನಮ್ಮ ಪದ್ಧತಿಯಿಂದಾಗಿ ಇಂಥ ಸೂಚಿಗಳಲ್ಲಿ ಒಬ್ಬ ಮೂರ್ತಿಯನ್ನು ಇನ್ನೊಬ್ಬ ಮೂರ್ತಿಯಿಂದ ಬೇರ್ಪಡಿಸುವುದೂ ಸುಲಭವಲ್ಲ. ಆದರೂ 1971ರಲ್ಲಿ ರಾಲ್ಫ್ ಮುಲ್ಲರ್ ಈ ರೋಗವನ್ನು ಕುರಿತು ಬರೆದ ದೀರ್ಘ ಸಮೀಕ್ಷೆಯಲ್ಲಿ ಮೂರ್ತಿಯವರ ಕೆಲಸಕ್ಕೆ ಸ್ಥಾನ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ವಿದ್ವತ್ತಿನ ಲೋಕ ಅವರಿಂದ ಹೆಚ್ಚಾಗಿ ಪಡೆದುಕೊಂಡಿರುವುದು ಹುಳುವನ್ನು, ಹಳ್ಳಿಯನ್ನಲ್ಲ. ಹಳ್ಳಿ ಸುತ್ತಿ ಬರೆದ 1932ರ ವರದಿಯು ಸಮಾಜ ಇತಿಹಾಸಕಾರನಿಗೆ ಹೆಚ್ಚು ಬೆಲೆಯುಳ್ಳದ್ದು.

ಉಲ್ಲೇಖದ ಲೆಕ್ಕಕ್ಕೆ ಸಿಗದ ಜ್ಞಾನವೂ ಇದೆ. ಹೊರಬಂದ ಹುಳುವನ್ನು ಕಡ್ಡಿಗೆ ಸುತ್ತಿ, ತುಂಡಾಗದಂತೆ ದಿನಕ್ಕಿಷ್ಟು ಎಳೆಯುವ ಕೌಶಲ ಜನಪದ ವೈದ್ಯದ್ದು. ಅದಕ್ಕೆ ಬದಲಾಗಿ ಹುಳುವನ್ನು ಕೊಲ್ಲುವ ಔಷಧವನ್ನು ಆಧುನಿಕ ವೈದ್ಯವೂ ಕೊಡಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ಜೈನರ ಆಚಾರ. ಪಾರ್ಶ್ವನಾಥ ಬಸದಿಯಿರುವ ಅಣ್ಣಿಗೇರಿಗೆ ಅದು ಹೊಸದಲ್ಲ. ಜೀವಹಿಂಸೆಗೆ ಅಂಜಿ ಹುಟ್ಟಿದ ಈ ಆಚಾರ ಸೈಕ್ಲಾಪ್ಸನ್ನೂ ತಡೆಯುತ್ತದೆ. 1983-84ರಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವು ಇದೇ ಉಪಾಯವನ್ನು ಮನೆಮನೆಗೆ ಬೋಧಿಸಿತು. ಪಾವಟಿಗೆ ಬಾವಿಗಳ ಮಾರ್ಪಾಟು, ಕೈಪಂಪು, ನೀರಿಗೆ ಟೆಮಿಫಾಸ್ ಹಾಕುವುದು ಅದರ ಉಳಿದ ಸಾಧನಗಳು. ಆಗ ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೇಶದ ಕೊನೆಯ ರೋಗಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ 1996ರ ಜುಲೈನಲ್ಲಿ ಕಂಡುಬಂದನು. 2000ದಲ್ಲಿ ಭಾರತ ರೋಗಮುಕ್ತವೆಂಬ ಪ್ರಮಾಣಪತ್ರ ದೊರೆಯಿತು.

ಮೂರ್ತಿಯವರ ಪ್ರಯೋಗಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. 2012ರಿಂದ ಆಫ್ರಿಕದ ಚಾಡ್ ದೇಶದ ನಾಯಿಗಳಲ್ಲಿ ಈ ಹುಳು ಕಾಣಿಸತೊಡಗಿತು. 2023ರಲ್ಲಿ ಜಗತ್ತಿನಲ್ಲಿ ಕೇವಲ 14 ಮಂದಿಗೆ ರೋಗ ತಗುಲಿತ್ತಾದರೂ ನಾಯಿಗಳ ಸಂಖ್ಯೆ ನೂರಾರು. ಮೀನು ಅಥವಾ ಕಪ್ಪೆಯ ಮೂಲಕ ಹುಳು ನಾಯಿಯನ್ನು ಸೇರುತ್ತಿದೆಯೇ ಎಂಬ ಚರ್ಚೆ ಎದ್ದಿತು. ಮೈಸೂರು ಸೀಮೆಯಲ್ಲಿ 1936ರಷ್ಟು ಹಿಂದೆಯೇ ನಾಯಿ, ಮೀನು, ಸೈಕ್ಲಾಪ್ಸ್ ಮೂರನ್ನೂ ಪರೀಕ್ಷಿಸಿದ ಆ ಪುಟಗಳಿಗೆ ಹೀಗೆ ಮತ್ತೆ ಪ್ರಸ್ತುತತೆ ಬಂದಿದೆ.