ಕಾಕಾನ ರಿವಾಲ್ವರ್, ನನ್ನ ಕಾರು

2024ರ ಯುಗಾದಿಗೆ ಊರಿಗೆ ಹೋದಾಗ ಜೋರಾಪುರ ಪೇಟೆಯ ಕಾಕಾನ ಮನೆಗೂ ಹೋಗಿದ್ದೆ. ಚಹಾ ಮುಗಿಯೋದ್ರೊಳಗೆ ಕಾಕಾ ಒಂದು ಬಟ್ಟೆಯ ಗಂಟು ತಂದು ಮುಂದಿಟ್ಟರು. ಒಳಗೆ ಅವರ .32 ರಿವಾಲ್ವರ್.

"ತಮ್ಮಾ, ಇಲೆಕ್ಷನ್ ಬಂತು. ಇದನ್ನ ಠಾಣೆದಾಗ ಜಮಾ ಮಾಡಬೇಕು. ನನ್ನ ಮೊಣಕಾಲು ಹಿಂಗ ಐತಿ. ನಿನ್ನ ಕಾರಿನಾಗ ಒಯ್ದು ಕೊಟ್ಟು ಬಾ."

ಲೈಸೆನ್ಸ್ ಇರೋದು ತೋಟದ ವಿಳಾಸಕ್ಕೆ. ಹಾಗಾಗಿ ಹೋಗಬೇಕಾದ್ದು ಬಬಲೇಶ್ವರದ ಕಡೆಗೆ. ಅರ್ಧ ಗಂಟೆಯ ದಾರಿ, ಏನು ಮಹಾ ಅನ್ನಿಸಿತು. ಆಮೇಲೆ ದಾರಿಯ ಚೆಕ್‌ಪೋಸ್ಟ್ ನೆನಪಾಯ್ತು. ಮೊಬೈಲ್ ತೆಗೆದು ಶಸ್ತ್ರಾಸ್ತ್ರ ಕಾಯ್ದೆ ಓದತೊಡಗಿದೆ. "ಕಾಕಾ, ನಾ ಒಬ್ಬನ ಒಯ್ಯಾಕ ಬರಂಗಿಲ್ಲ" ಅಂದೆ.

ಕಾಕಾಗೆ ಸಿಟ್ಟು ಬಂತು. "ನಮ್ಮ ಮನಿ ಸಾಮಾನು ನಮ್ಮ ಮನಿ ಹುಡುಗ ಒಯ್ಯಾಕ ಬರಂಗಿಲ್ಲಾ? ಹಲಗಲಿ ಮಂದಿಗೆ ಮಾಡಿದಂಗ ಮಾಡಾಕತ್ತಾರ!"

ಕಾಕಾ ಸಿಟ್ಟಿನಲ್ಲಿ ಹೇಳಿದರೂ ಎಳೆದದ್ದು ಸರಿಯಾದ ದಾರವನ್ನೇ. ಮುಧೋಳದ ಹತ್ತಿರದ ಹಲಗಲಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ; 1997ರವರೆಗೆ ನಮ್ಮದೇ ಜಿಲ್ಲೆಯಲ್ಲಿತ್ತು. 1857ರ ದಂಗೆ ನೋಡಿ ಹೆದರಿದ ಇಂಗ್ಲಿಷರು ಅದೇ ವರ್ಷ ನಿಶ್ಶಸ್ತ್ರೀಕರಣ ಕಾಯ್ದೆ ತಂದರು. ಜನರ ಹತ್ತಿರ ಇರೋ ಆಯುಧ ಸರಕಾರಕ್ಕೆ ಒಪ್ಪಿಸಬೇಕು ಅಂತ ಆಜ್ಞೆ ಬಂತು. ಹಲಗಲಿಯ ಬೇಡರಿಗೆ ಬೇಟೆ, ಕಾವಲು, ಸಿಪಾಯಿಗಿರಿಯೇ ಬದುಕು. ಕತ್ತಿ ಬಂದೂಕು ಕೊಟ್ಟರೆ ಹೊಟ್ಟೆಯೂ ಹೋಯಿತು, ಮಾನವೂ ಹೋಯಿತು. ಅವರು ಕೊಡಲಿಲ್ಲ. ನವೆಂಬರ್ ಕೊನೆಗೆ ಫೌಜು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೇರಿಸಿದರು. ಮುಂದೆ ಜೆ.ಎಫ್. ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿಯೇ ಈ ಕತೆಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ.

ಅದೇ ಕಾಯ್ದೆಯಿಂದ ಕೊಡಗಿನವರಿಗೆ ವಿನಾಯಿತಿ ಸಿಕ್ಕಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟದ್ದು ಅದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇಂದಿಗೂ ಲೈಸೆನ್ಸ್ ವಿನಾಯಿತಿ ಇದೆ; 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಯಾರು ನಂಬಿಗಸ್ತರು, ಯಾರು ಅಲ್ಲ ಅಂತ ಸರಕಾರ ಗುಂಪು ಗುಂಪಾಗಿ ತೀರ್ಮಾನ ಮಾಡುತ್ತಿದ್ದ ಕಾಲ ಅದು. ಲಾರ್ಡ್ ಲಿಟ್ಟನ್‌ನ 1878ರ ಕಾಯ್ದೆ ಬಂದಾಗಲೂ ಹಾಗೇ: ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ. ಈ ಅವಮಾನ ಎಷ್ಟು ಚುಚ್ಚಿತ್ತು ಅಂದರೆ, 1931ರ ಕರಾಚಿ ಕಾಂಗ್ರೆಸ್ ನಿರ್ಣಯದ ಮೂಲಭೂತ ಹಕ್ಕುಗಳಲ್ಲಿ, ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳೋ ಹಕ್ಕೂ ಇತ್ತು. ಸಂವಿಧಾನ ಬರೆಯುವಾಗ ಮಾತ್ರ ಅದು ಒಳಗೆ ಬರಲಿಲ್ಲ.

ಈಗ ನಡೀತಿರೋದು 1959ರ ಕಾಯ್ದೆ. ಇದರಲ್ಲಿ ಲೈಸೆನ್ಸ್ ಕೊಡೋದು ಒಬ್ಬ ವ್ಯಕ್ತಿಗೆ. ಮನೆತನಕ್ಕಲ್ಲ, ತೋಟಕ್ಕಲ್ಲ, ಕಾರಿಗಂತೂ ಅಲ್ಲ. ನಮ್ಮಂಥವರು ಎಡವೋದು ಇಲ್ಲೇ. ಕಾರು ಅಂದರೆ ಗಾಲಿ ಇರೋ ಮನೆ, ಡ್ಯಾಶ್‌ಬೋರ್ಡ್ ಅಂದರೆ ನಮ್ಮ ಕಪಾಟು ಅಂದ್ಕೊಂಡಿರ್ತೀವಿ. ಕೈಯಲ್ಲಿ ಹಿಡಿದಿದ್ದರೆ ಮಾತ್ರ 'ವಶದಲ್ಲಿದೆ' ಅಂತಲ್ಲ. ಗೊತ್ತಿದ್ದೂ ನಿಮ್ಮ ಹತೋಟಿಯಲ್ಲಿದ್ದರೆ ಸಾಕು ಅನ್ನೋದನ್ನ ಸುಪ್ರೀಂ ಕೋರ್ಟ್ 1972ರಲ್ಲೇ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಅಂದರೆ ಡಿಕ್ಕಿಯೊಳಗಿನ ಗಂಟು ಕಾಕಾನದ್ದಾದರೂ, ಗೊತ್ತಿದ್ದು ಓಡಿಸ್ತಿರೋ ನಾನೇ ಉತ್ತರ ಕೊಡಬೇಕು. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಕಾಯ್ದೆಯ 3ನೇ ಕಲಮಿನಲ್ಲಿ ಒಂದು ಸಣ್ಣ ಕಿಂಡಿ ಇದೆ. ಲೈಸೆನ್ಸ್‌ದಾರರ ಸಮ್ಮುಖದಲ್ಲಿ, ಇಲ್ಲವೇ ಅವರ ಲಿಖಿತ ಅಧಿಕಾರದಿಂದ, ಬೇರೆಯವರು ಬಂದೂಕು ಒಯ್ಯಬಹುದು: ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಅಥವಾ ಲೈಸೆನ್ಸ್‌ದಾರರ ಬಳಕೆಗೆ. ಠಾಣೆಗೆ ಜಮಾ ಮಾಡೋದಕ್ಕೆ ಅಂತ ಅಲ್ಲಿ ಬರೆದಿಲ್ಲ. ಚೆಕ್‌ಪೋಸ್ಟಿನಲ್ಲಿ ನಿಂತು ಆ ವಾದ ಮಾಡೋ ಧೈರ್ಯ ನನಗಿಲ್ಲ.

ಲೈಸೆನ್ಸ್ ಇದ್ದವರಿಗೂ ಕಟ್ಟಳೆ ಇದೆ. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರ್‌ನಂಥದ್ದರಲ್ಲಿ, ಮುಚ್ಚಿಕೊಂಡು, ತಮ್ಮ ಹತೋಟಿಯಲ್ಲೇ ಇರಬೇಕು. ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕು. 20ನೇ ಕಲಂ ಇನ್ನೂ ಬಿಗಿ: ಒಯ್ಯೋ ರೀತಿಯಲ್ಲಿ ಅನುಮಾನಕ್ಕೆ ಸರಿಯಾದ ಕಾರಣ ಇದ್ದರೆ, ಲೈಸೆನ್ಸ್ ಇದ್ದರೂ ವಾರಂಟ್ ಇಲ್ಲದೆ ಹಿಡಿಯಬಹುದು.

ಇಷ್ಟನ್ನೂ ಕಾಕಾಗೆ ಓದಿ ಹೇಳಿದೆ. "ಹಲಗಲಿಯೊಳಗ ಇಡೀ ಊರಿಂದು ಕಸ್ಕೊಂಡ್ರು, ಕಾಕಾ. ಇಲ್ಲಿ ನಿಮ್ಮ ಹೆಸರಿಗೆ ಪುಸ್ತಕ ಕೊಟ್ಟಾರ. ಅದಕ್ಕ ನೀವ ಬರಬೇಕು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗಿನಿಂದ ಹಳೇ ಹೋಲ್‌ಸ್ಟರ್, ಲೈಸೆನ್ಸ್ ಪುಸ್ತಕ ತರಿಸಿದರು. ಮುಂದಿನ ಸೀಟು ಪೂರ್ತಿ ಹಿಂದೆ ಸರಿಸಿ ಕೂರಿಸಿದೆ. ರಿವಾಲ್ವರ್ ಅವರ ಸೊಂಟದಲ್ಲಿ, ಗುಂಡಿನ ಡಬ್ಬಿ ಅವರ ಕೈಚೀಲದಲ್ಲಿ.

ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು. ಕೇಳೋ ಮೊದಲೇ ಕಾಕಾ ಪುಸ್ತಕ ಹೊರಗೆ ಚಾಚಿದರು. ಪೇದೆ ಫೋಟೋ ನೋಡಿದ, ಕಾಕಾನ ಮುಖ ನೋಡಿದ, ನಂಬರ್ ಬರೆದುಕೊಂಡು ಬಿಟ್ಟ. ಎರಡು ನಿಮಿಷವೂ ಆಗಲಿಲ್ಲ. ಆದರೆ ಆ ಎರಡು ನಿಮಿಷ ನಾನು ಸ್ಟೇರಿಂಗ್ ಹಿಡಿದಿದ್ದ ಕೈ ಸಡಿಲಿಸಿರಲಿಲ್ಲ. ಆ ಸೀಟು ಖಾಲಿ ಇದ್ದಿದ್ದರೆ ಏನು ಹೇಳ್ತಿದ್ದೆ?

ಠಾಣೆಯಲ್ಲಿ ರಸೀದಿ ತಗೊಂಡು ವಾಪಸ್ ಬರುವಾಗ ಕಾಕಾ ಅಂದರು: "ಇಲೆಕ್ಷನ್ ಮುಗದ ಮ್ಯಾಲೂ ನೀನ ಬರಬೇಕು ನೋಡ್, ತರಾಕ."

"ನೀವೂ ಬರಬೇಕು" ಅಂದೆ.