ಹಕ್ಕಲು ಆಯ್ದವರ ನೆನಪು

ಫ್ಲೋರಾ ಥಾಂಪ್ಸನ್ ಅವರ ‘ಲಾರ್ಕ್ ರೈಸ್’ ಪ್ರಕಟವಾದದ್ದು 1939ರಲ್ಲಿ. ಆಕೆ ಹುಟ್ಟಿದ್ದು 1876ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಜುನಿಪರ್ ಹಿಲ್ ಎಂಬ ಕೂಲಿಕಾರರ ಪುಟ್ಟ ಹಳ್ಳಿಯಲ್ಲಿ. ಅರವತ್ತು ದಾಟಿದ ಮೇಲೆ ಬಾಲ್ಯವನ್ನು ಬರೆದಾಗ ಊರಿನ ಹೆಸರು ಬದಲಿಸಿದರು, ತಮ್ಮನ್ನು ‘ಲಾರಾ’ ಎಂದು ಕರೆದುಕೊಂಡರು. ‘ನಾನು’ ಎಂದು ಬರೆಯದ ಆತ್ಮಕಥೆ ಅದು.

ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪದ ‘ಲೀಝಿಂಗ್’. ಗೋಧಿ ಕೊಯ್ಲು ಮುಗಿದು ಪೈರೆಲ್ಲ ಕಣ ಸೇರಿದ ಮೇಲೆ, ಹೆಂಗಸರೂ ಮಕ್ಕಳೂ ಕೂಳೆಯ ನಡುವೆ ಬಗ್ಗಿ ಉಳಿದ ತೆನೆಗಳನ್ನು ಆಯುವುದಕ್ಕೆ ಆ ಸೀಮೆಯವರ ಮಾತು. ಪುಸ್ತಕದ ಇಂಗ್ಲಿಷಿನಲ್ಲಿ ಇದಕ್ಕೆ ‘ಗ್ಲೀನಿಂಗ್’ ಎನ್ನುತ್ತಾರೆ. ಅದು ಫ್ರೆಂಚಿನಿಂದ ಬಂದದ್ದು. ‘ಲೀಝಿಂಗ್’ ಅದಕ್ಕಿಂತ ಹಳೆಯದು. ಜರ್ಮನ್ನಿನ ‘ಲೇಸೆನ್’ ಇದೇ ಬೇರಿನದು, ಅಲ್ಲಿ ಅದಕ್ಕೆ ಆಯುವುದು ಎಂಬ ಅರ್ಥವೂ ಇದೆ, ಓದುವುದು ಎಂಬ ಅರ್ಥವೂ ಇದೆ. ಕನ್ನಡಕ್ಕೆ ತರುವಾಗ ತಿಣುಕಬೇಕಿಲ್ಲ, ನಮ್ಮಲ್ಲಿ ‘ಹಕ್ಕಲು’ ಇದೆ. ಮುಂಬೈ, ಚೆನ್ನೈಗಳಲ್ಲಿ ಬೆಳೆದವರಿಗೆ ಈ ಪದ ಹೊಸದೆನಿಸಿದರೆ ಊರಿನ ಹಿರಿಯರನ್ನು ಕೇಳಿ ನೋಡಿ.

ಹಕ್ಕಲಿನ ಆ ಎರಡು ಮೂರು ವಾರ ಅವರಿಗೆ ಎಷ್ಟು ಮುಖ್ಯ ಎಂಬುದು ಕೂಲಿಯ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. 1880ರ ದಶಕದಲ್ಲಿ ಅಲ್ಲಿ ಹೊಲದಾಳಿಗೆ ವಾರಕ್ಕೆ 10 ಶಿಲಿಂಗ್. ಅದರಲ್ಲೇ ಮನೆ ತುಂಬ ಮಕ್ಕಳನ್ನು ಸಾಕಬೇಕು. ಆಯ್ದ ತೆನೆಯನ್ನು ಮನೆಯಲ್ಲೇ ಬಡಿದು ಗಿರಣಿಗೆ ಕಳಿಸುತ್ತಿದ್ದರು. ಗಿರಣಿಯವನು ಬೀಸಿದ ಕೂಲಿಗೆ ಬದಲಾಗಿ ಒಂದಿಷ್ಟು ಹಿಟ್ಟನ್ನೇ ಇಟ್ಟುಕೊಳ್ಳುತ್ತಿದ್ದ. ಹಿಟ್ಟಿನ ಚೀಲ ಬಂದ ಮೇಲೆ ಅದನ್ನು ಕೋಣೆಯ ಕುರ್ಚಿಯ ಮೇಲೆ ಕೂರಿಸಿ, ದಾರಿಯಲ್ಲಿ ಹೋಗುವವರನ್ನು ಒಳಗೆ ಕರೆದು ತೋರಿಸುತ್ತಿದ್ದರಂತೆ. ನಮ್ಮ ಕಡೆ ಮದುವೆ ಸೀರೆ ತೋರಿಸುವ ಹಾಗೆ.

ಕುರ್ಚಿ ಏರಿದ ಆ ಚೀಲ ಕಾನೂನಿನ ಕಣ್ಣಲ್ಲಿ ಯಾರ ಹಕ್ಕೂ ಆಗಿರಲಿಲ್ಲ. ಸಫೋಕ್ ಜಿಲ್ಲೆಯ ಟಿಮ್‌ವರ್ತ್‌ನಲ್ಲಿ ಮೇರಿ ಹೌಟನ್ ಎಂಬಾಕೆ ಜೇಮ್ಸ್ ಸ್ಟೀಲ್ ಎಂಬುವನ ಹೊಲದಲ್ಲಿ ಹಕ್ಕಲು ಆಯ್ದದ್ದಕ್ಕೆ ಅವನು ಅತಿಕ್ರಮ ಪ್ರವೇಶದ ದಾವೆ ಹೂಡಿದ. 1788ರಲ್ಲಿ ತೀರ್ಪು ಬಂತು: ಹಕ್ಕಲು ಆಯುವುದು ಬಡವರ ಹಕ್ಕಲ್ಲ. ಒಬ್ಬ ನ್ಯಾಯಾಧೀಶ ಮಾತ್ರ ಒಪ್ಪಲಿಲ್ಲ. ಹೊಲದ ಅಂಚಿನ ತೆನೆಯನ್ನು ಬಡವರಿಗೆ ಬಿಡು ಎನ್ನುವ ಮೋಶೆಯ ಧರ್ಮಶಾಸ್ತ್ರವನ್ನು ಆತ ಎತ್ತಿ ಹೇಳಿದ. ಟಿಮ್‌ವರ್ತ್‌ನ ಪಕ್ಕದ ಕಲ್ಫರ್ಡ್ ಕಾರ್ನ್‌ವಾಲಿಸ್ ಮನೆತನದ ಎಸ್ಟೇಟು. ತೀರ್ಪು ಬಂದಾಗ ಆ ಮನೆಯ ಯಜಮಾನ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್. 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದವನು, 1793ರಲ್ಲಿ ಬಂಗಾಳದ ಭೂಮಿಯನ್ನು ಜಮೀನ್ದಾರರಿಗೆ ಶಾಶ್ವತವಾಗಿ ಗೊತ್ತುಮಾಡಿದವನು ಅವನೇ. ಹೊಲ ಯಾರದು ಎಂಬ ಪ್ರಶ್ನೆಗೆ ಆ ಕಾಲದ ದೊಡ್ಡ ಮಂದಿ ಎರಡೂ ಕಡೆ ಒಂದೇ ಉತ್ತರ ಕೊಟ್ಟರು ಎಂದು ನನಗನ್ನಿಸುತ್ತದೆ.

ಆದರೆ ತೀರ್ಪು ಬಂದು ನೂರು ವರ್ಷವಾದರೂ ಹೆಂಗಸರು ಹೊಲಕ್ಕೆ ಹೋಗುತ್ತಲೇ ಇದ್ದರು. ಇದು ನಮಗೆ ತಿಳಿದಿರುವುದರಲ್ಲಿ ನೆನಪುಗಳ ಪಾಲು ದೊಡ್ಡದು. 1948ರಲ್ಲಿ ಜಾರ್ಜ್ ಎವರ್ಟ್ ಇವಾನ್ಸ್ ಎಂಬ ವೇಲ್ಸ್‌ನ ಲೇಖಕ ಸಫೋಕ್‌ನ ಬ್ಲ್ಯಾಕ್ಸ್‌ಹಾಲ್‌ಗೆ ಬಂದರು. ಹೆಂಡತಿ ಅಲ್ಲಿನ ಶಾಲೆಯ ಮೇಡಂ; ಇವರು ಮಕ್ಕಳನ್ನು ನೋಡಿಕೊಂಡು ಅಕ್ಕಪಕ್ಕದ ಮುದುಕರ ಜೊತೆ ಹರಟುತ್ತಿದ್ದರು. ಕಿವಿ ಮಂದವಾಗಿದ್ದ ಮನುಷ್ಯ ಇಂಗ್ಲೆಂಡಿನ ಅತ್ಯುತ್ತಮ ಕೇಳುಗರಲ್ಲಿ ಒಬ್ಬರಾದದ್ದು ಹೀಗೆ. ಆ ಹರಟೆಯೇ 1956ರ ಪುಸ್ತಕವಾಯಿತು. ಹೊಲದಲ್ಲಿ ಕೊನೆಯದಾಗಿ ಒಂದೇ ಒಂದು ಸಿವುಡು ನಿಲ್ಲಿಸಿರುತ್ತಿದ್ದರು. ಅದು ಇರುವ ತನಕ ಹಕ್ಕಲಿಗೆ ಯಾರೂ ಇಳಿಯುವಂತಿಲ್ಲ. ಸಫೋಕ್‌ನವರು ಆ ಸಿವುಡಿಗೆ ಇಟ್ಟ ಹೆಸರು ‘ಪೊಲೀಸ್’. ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸಿದ ಮೇಲೇ ಆಯಲು ಶುರು, ಎಳೆಗೂಸಿನ ತಾಯಿಗೂ ಮುದುಕಿಗೂ ಸಮ ಅವಕಾಶ ಸಿಗಲಿ ಎಂದು. ಕೋರ್ಟು ಇಲ್ಲವೆಂದ ಹಕ್ಕಿಗೆ ಊರೇ ಕಾಯಿದೆ ಮಾಡಿಕೊಂಡಿತ್ತು.

ಈ ಬಗೆಯ ನೆನಪುಗಳಲ್ಲಿ ಹಿತವಾದದ್ದಷ್ಟೇ ಉಳಿಯುತ್ತದೆ ಎಂದು ದೂರುವವರು ಜೋಸೆಫ್ ಆರ್ಚ್ ಅವರ ಆತ್ಮಕಥೆಯನ್ನು ಓದಬೇಕು. ವಾರ್ವಿಕ್‌ಶೈರಿನ ಬಾರ್‌ಫರ್ಡ್‌ನ ಈತ ಒಂಬತ್ತನೇ ವಯಸ್ಸಿಗೆ ಹೊಲದಲ್ಲಿ ಕಾಗೆ ಓಡಿಸುವ ಕೆಲಸಕ್ಕೆ ಸೇರಿದರು: ದಿನಕ್ಕೆ ಹನ್ನೆರಡು ಗಂಟೆ, ಕೂಲಿ ನಾಲ್ಕು ಪೆನ್ಸ್. ಅದಕ್ಕೂ ಮುಂಚೆ, ಚರ್ಚಿನ ಬಾಗಿಲ ಬೀಗದ ಕಂಡಿಯಿಂದ ಇಣುಕಿ ನೋಡಿದ್ದರು. ಪ್ರಸಾದಕ್ಕೆ ಮೊದಲು ಜಮೀನ್ದಾರ, ಆಮೇಲೆ ರೈತರು, ಆಮೇಲೆ ಅಂಗಡಿಯವರು. ಕೂಲಿಯವರು, ಅವರಲ್ಲಿ ತನ್ನ ಅಪ್ಪ, ಕಟ್ಟಕಡೆಗೆ. ಪಂಕ್ತಿಭೇದ ಕಂಡ ನಮಗೆ ಇದಕ್ಕೆ ಅಡಿಟಿಪ್ಪಣಿ ಬೇಡ. ಆ ಹುಡುಗ ಮುಂದೆ ಆ ಪ್ರಸಾದ ಮುಟ್ಟಲಿಲ್ಲ. 1872ರ ಫೆಬ್ರವರಿ 7ರ ರಾತ್ರಿ ವೆಲ್ಸ್‌ಬರ್ನ್‌ನ ಚೆಸ್ಟ್‌ನಟ್ ಮರದ ಕೆಳಗೆ, ಹಂದಿ ಕೊಯ್ಯುವ ಸ್ಟೂಲಿನ ಮೇಲೆ ನಿಂತು ಮಾತಾಡಿದರು; ಅವರೆ ಬಳ್ಳಿಗೆ ಊರುವ ಗಳಗಳಿಗೆ ಲಾಟೀನು ಕಟ್ಟಿದ್ದರಂತೆ. ಅದೇ ವರ್ಷ ಕೃಷಿ ಕೂಲಿಕಾರರ ರಾಷ್ಟ್ರೀಯ ಸಂಘ ಹುಟ್ಟಿತು, 1885ರಲ್ಲಿ ಆರ್ಚ್ ಪಾರ್ಲಿಮೆಂಟಿಗೆ ಹೋದರು.

ಫ್ಲೋರಾ ಅವರಿಗೆ ಆರ್ಚ್‌ರ ಸಿಟ್ಟಿಲ್ಲ. ಹಳ್ಳಿಯವರು ಬಡವರಾಗಿದ್ದರು, ಆದರೂ ನಗುತ್ತಿದ್ದರು ಎಂದು ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ. ಹದಿನಾಲ್ಕಕ್ಕೆ ಪಕ್ಕದ ಊರಿನ ಅಂಚೆ ಕಚೇರಿಯ ಕೆಲಸಕ್ಕೆ ಹೋದವರು, ಹಳ್ಳಿಯನ್ನು ಹೊರಗೆ ನಿಂತು ನೋಡುವುದನ್ನು ಬೇಗ ಕಲಿತರು. ಲಾರಾ ಜೊತೆ ಹಕ್ಕಲಿನ ಹೊಲಗಳಲ್ಲಿ ಬೆಳೆದ ಹುಡುಗರು ಮೊದಲ ಮಹಾಯುದ್ಧಕ್ಕೆ ಹೋದರು. ಹನ್ನೊಂದು ಜನ ವಾಪಸು ಬರಲಿಲ್ಲ. ಚರ್ಚಿನ ಗೋಡೆಯ ಹಿತ್ತಾಳೆ ಫಲಕದಲ್ಲಿ ಎರಡು ಸಾಲಾಗಿ ಐದೈದು ಹೆಸರು. ಕೆಳಗೆ ಒಂಟಿಯಾಗಿ, ಲಾರಾಳ ತಮ್ಮ ಎಡ್ಮಂಡ್‌ನದು.